ಒಂದೇ ಊರು, ಹಲವು ಹೆಸರು, ಮೂರು ಲಿಪಿ: ರಷ್ಯನ್ ಸ್ಥಳನಾಮ ಸೂಚಿಯನ್ನು ಕಟ್ಟುವುದು ಹೇಗೆ?

ವೋಲ್ಗಾದಂಡೆ

ರಷ್ಯನ್ ಭೂಗೋಳ ಬರಹಗಳನ್ನು ಮೂಲದಲ್ಲೇ ಓದುವ ಗುಂಪಿಗಾಗಿ ಒಂದು ಸ್ಥಳನಾಮ ಸೂಚಿ ತಯಾರಾಗುತ್ತಿದೆ. ವ್ಯಾಪ್ತಿ ವೋಲ್ಗಾ ಬಯಲು, ಉರಾಲ್, ಉತ್ತರ ಕಾಕಸಸ್. ಕಾಲ 1850ರಿಂದ ಇಲ್ಲಿಯವರೆಗೆ. ಸುಮಾರು 3,000 ಊರು, ನದಿ, ರೈಲು ನಿಲ್ದಾಣ.

ಈಗಿರುವುದು ಒಂದು ಎಕ್ಸೆಲ್ ಹಾಳೆ: ಮೊದಲ ಕಾಲಮ್ ಸಿರಿಲಿಕ್ (ರಷ್ಯನ್ ಲಿಪಿ), ಎರಡನೆಯದು ರೋಮನ್, ಮೂರನೆಯದು ಕನ್ನಡ, ನಾಲ್ಕನೆಯದು "ಹಳೆಯ ಹೆಸರು". ಈ ನಾಲ್ಕನೇ ಕಾಲಮ್ ಆಗಲೇ ಅಲ್ಪವಿರಾಮಗಳಿಂದ ತುಂಬಿ ತುಳುಕುತ್ತಿದೆ. ಕೇಳಬೇಕಾದ್ದು ಮೂರು. ಹಾಳೆಯ ರಚನೆ ಹೀಗೇ ಇರಲಿಯೇ? ರೋಮನ್ ರೂಪಕ್ಕೆ ಯಾವ ಪದ್ಧತಿ ಹಿಡಿಯಬೇಕು? ಕನ್ನಡದಲ್ಲಿ ರಷ್ಯನ್ ಬರಹದಂತೆ ಬರೆಯಬೇಕೋ, ಉಚ್ಚಾರದಂತೆಯೋ?

ಸೂಚಿಕಾರ

ರಚನೆಯಿಂದಲೇ ಶುರು ಮಾಡೋಣ, ಮಿಕ್ಕ ಎರಡು ಪ್ರಶ್ನೆ ಅದರಿಂದಲೇ ಅರ್ಧ ಬಗೆಹರಿಯುತ್ತವೆ. ನಿಮ್ಮ ಹಾಳೆಯಲ್ಲಿ ಒಂದು ಸಾಲು ಅಂದರೆ ಒಂದು ಹೆಸರು. ಸೂಚಿಯಲ್ಲಿ ಒಂದು ಸಾಲು ಅಂದರೆ ನೆಲದ ಮೇಲಿನ ಒಂದು ಜಾಗ ಆಗಬೇಕು. ಹೆಸರುಗಳು ಬೇರೆ ಕೋಷ್ಟಕದಲ್ಲಿ, ಎಷ್ಟು ಬೇಕಾದರೂ.

ಉತ್ತರ ಕಾಕಸಸ್‌ನ ವ್ಲದಿಕವ್ಕಾಜ್ ನಗರ ತಗೊಳ್ಳಿ. 1931ರಲ್ಲಿ ಅದು ಒರ್ಜೊನಿಕೀದ್ಜೆ ಆಯಿತು. 1944ರಲ್ಲಿ ಜಾವುಜಿಕಾವು. 1954ರಲ್ಲಿ ಮತ್ತೆ ಒರ್ಜೊನಿಕೀದ್ಜೆ. 1990ರಲ್ಲಿ ಮತ್ತೆ ವ್ಲದಿಕವ್ಕಾಜ್. ಒಂದೇ ಹೆಸರು ಎರಡು ಸಲ ಬಂದು ಎರಡು ಸಲ ಹೋಗಿದೆ, ಮೂಲ ಹೆಸರೂ ಮರಳಿದೆ. ಇದನ್ನು "ಹಳೆಯ ಹೆಸರು" ಎಂಬ ಒಂದು ಕಾಲಮ್ಮಿನಲ್ಲಿ ತುರುಕಿದರೆ 1947ರ ಲೇಖನದಲ್ಲಿ ಸಿಗಬೇಕಾದ ಹೆಸರು ಯಾವುದು ಎಂದು ಯಂತ್ರಕ್ಕೂ ಗೊತ್ತಾಗದು, ಆರು ತಿಂಗಳ ನಂತರ ನಿಮಗೂ ಗೊತ್ತಾಗದು. ಹೆಸರಿನ ಕೋಷ್ಟಕದಲ್ಲಾದರೆ ಐದು ಸಾಲು, ಪ್ರತಿ ಸಾಲಿಗೂ "ಇಂದ" ವರ್ಷ, "ವರೆಗೆ" ವರ್ಷ. ಅಲ್ಲಿನ ಸ್ಥಳೀಯ ಭಾಷೆ ಒಸ್ಸೆಟಿಯನ್‌ನ ಹೆಸರಿಗೆ ಆರನೇ ಸಾಲು.

ಜಾಗದ ಕೋಷ್ಟಕದಲ್ಲಿ: ಅರ್ಥವಿಲ್ಲದ ಕ್ರಮಸಂಖ್ಯೆ, ಬಗೆ (ನಗರ, ಹಳ್ಳಿ, ನಿಲ್ದಾಣ, ನದಿ), ಅಕ್ಷಾಂಶ ರೇಖಾಂಶ, ಅದು ಎಷ್ಟು ನಿಖರ ಎಂಬ ಟಿಪ್ಪಣಿ, ಹೊರಗಿನ ಸಂಕೇತಗಳು. ಹೆಸರಿನ ಕೋಷ್ಟಕದಲ್ಲಿ: ಮೂಲದಲ್ಲಿ ಅಚ್ಚಾದ ರೂಪ ಅಕ್ಷರಶಃ, ಭಾಷೆ, ಲಿಪಿ, ಲಿಪ್ಯಂತರ ಪದ್ಧತಿ, ಸ್ಥಾನಮಾನ (ಅಧಿಕೃತ, ಸ್ಥಳೀಯ, ರೂಢ, ಅಚ್ಚುತಪ್ಪು), ಎರಡು ವರ್ಷ, ಮೂಲ ಮತ್ತು ಪುಟ. ಅಚ್ಚುತಪ್ಪನ್ನು ತಿದ್ದಿ ಅಳಿಸಬೇಡಿ. ಆ ತಪ್ಪು ರೂಪವನ್ನೇ ಹಿಡಿದು ಹುಡುಕಿಕೊಂಡು ಬರುವ ಓದುಗ ಖಂಡಿತ ಇರುತ್ತಾನೆ.

ಸರ್ಕಾರಿ ಸಂಕೇತವನ್ನು ಕ್ರಮಸಂಖ್ಯೆಯಾಗಿ ಬಳಸುವ ಆಸೆ ಎಲ್ಲರಿಗೂ ಆಗುತ್ತದೆ, ಬೇಡ. ರಷ್ಯದ ಆಡಳಿತ ಸಂಕೇತ ಓಕಾಟೊ, ಪೌರಾಡಳಿತ ಸಂಕೇತ ಓಕೆಟಿಎಂಓ ಎರಡೂ ಗಡಿ ಬದಲಾದಾಗ ಬದಲಾಗುತ್ತವೆ. ಸಾಲದ್ದಕ್ಕೆ ಅಲ್ತಾಯ್ ಪ್ರಾಂತ 01, ಕ್ರಸ್ನೊದಾರ್ 03, ಪ್ರಿಮೋರ್ಯೆ 05. ಆ ಕಾಲಮ್ಮನ್ನು "ಪಠ್ಯ" ಎಂದು ಮೊದಲೇ ಹೇಳದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಯನ್ನು ನುಂಗುತ್ತದೆ, ಆಮೇಲೆ ಯಾವ ಜೋಡಣೆಯೂ ಕೂಡುವುದಿಲ್ಲ.

ಹೊಸಬ_ನಕ್ಷೆ

ಸಿರಿಲಿಕ್ ಕಾಲಮ್ಮಿನಲ್ಲಿ ಏನು ತಪ್ಪಾಗಲು ಸಾಧ್ಯ? ಅದು ಮೂಲವೇ ತಾನೆ? ನಕಲು ಮಾಡಿ ಅಂಟಿಸಿದರೆ ಸಾಕಲ್ಲವೇ?

ಲಿಪಿಗಾರ

ಅತಿ ಹೆಚ್ಚು ಕೊಳೆ ಇರುವುದೇ ಅಲ್ಲಿ ಸರ್. ಕಣ್ಣಿಗೆ ಕಾಣದ ಕೊಳೆ.

ಮೊದಲನೆಯದು ವೇಷಧಾರಿ ಅಕ್ಷರ. ರೋಮನ್‌ನ ಎ, ಸಿ, ಇ, ಓ, ಪಿ, ಎಕ್ಸ್ ಸಿರಿಲಿಕ್‌ನ ಆರು ಅಕ್ಷರಗಳಿಗೆ ಪಡಿಯಚ್ಚು. ಓಮ್ಸ್ಕ್ ನಗರದ ಮೊದಲ ಅಕ್ಷರ ರೋಮನ್ ಓ ಆಗಿದ್ದರೆ ಪರದೆಯಲ್ಲಿ ಯಾರಿಗೂ ತಿಳಿಯದು. ಅಕಾರಾದಿಯಲ್ಲಿ ಮಾತ್ರ ಅದು ಎಲ್ಲ ಸಿರಿಲಿಕ್ ಹೆಸರುಗಳಿಗಿಂತ ಮುಂದೆ ಹೋಗಿ ಕೂರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿ ಓದಿಸಿದ ಪುಟಗಳಲ್ಲಿ ಇದು ಧಾರಾಳ. ಸರಳ ಪರೀಕ್ಷೆ: ಒಂದೇ ಪದದಲ್ಲಿ ಎರಡು ಲಿಪಿಯ ಅಕ್ಷರ ಇದ್ದರೆ ಆ ಸಾಲಿಗೆ ಕೆಂಪು ಬಣ್ಣ. ಹೊಸ ಕಂತು ಸೇರಿಸಿದಾಗಲೆಲ್ಲ ಇದನ್ನು ಓಡಿಸಿ.

ಎರಡನೆಯದು "ಯೋ". ಎರಡು ಚುಕ್ಕಿ ಹೊತ್ತ ಈ ಅಕ್ಷರವನ್ನು ರಷ್ಯನ್ನರು ಅಚ್ಚಿನಲ್ಲಿ ಸಾಮಾನ್ಯವಾಗಿ ಚುಕ್ಕಿ ಬಿಟ್ಟು "ಯೆ" ಆಗಿಯೇ ಬರೆಯುತ್ತಾರೆ. ಹಾಗಾಗಿ ಅರ್ಯೋಲ್ ನಗರ ಬಹಳಷ್ಟು ಮೂಲಗಳಲ್ಲಿ ಒರೆಲ್. ಹುಡುಕಾಟದ ಕೀಲಿಯಲ್ಲಿ (ಹುಡುಕಲೆಂದೇ ಸರಳಗೊಳಿಸಿ ಇಡುವ ರೂಪ) ಯೋ ಅನ್ನು ಯೆ ಮಾಡಿ, ತೋರಿಸುವ ರೂಪದಲ್ಲಿ ಚುಕ್ಕಿ ಉಳಿಸಿ. ವಿಂಗಡಣೆಯಲ್ಲೂ ಇದು ತೊಂದರೆ ಕೊಡುತ್ತದೆ: ಯುನಿಕೋಡ್‌ನಲ್ಲಿ ದೊಡ್ಡ ಯೋದ ಸಂಕೇತ 0401, ಅಕ್ಷರಮಾಲೆಯ ಮೊದಲ ದೊಡ್ಡಕ್ಷರ 0410. ಚಿಕ್ಕ ಯೋ 0451, ಅಂದರೆ ಕೊನೆಯ ಚಿಕ್ಕಕ್ಷರದಿಂದಲೂ ಆಚೆ. ಬರೀ ಸಂಕೇತದ ಮೇಲೆ ವಿಂಗಡಿಸಿದರೆ ಒಂದು ಪಟ್ಟಿಯ ನೆತ್ತಿಗೆ, ಇನ್ನೊಂದು ಬಾಲಕ್ಕೆ. ಡೇಟಾಬೇಸಿನಲ್ಲಿ ರಷ್ಯನ್ ಕೊಲೇಷನ್ (ಅಕಾರಾದಿ ನಿಯಮ) ಹಾಕಿಯೇ ವಿಂಗಡಿಸಿ.

ಮೂರನೆಯದು ಹ್ರಸ್ವ "ಯ್", ತಲೆಯ ಮೇಲೆ ಬಟ್ಟಲು ಇರುವ ಅಕ್ಷರ. ಇದು 0439 ಎಂದು ಒಂದೇ ಸಂಕೇತವಾಗಿ ಬರಬಹುದು, 0438 ಮತ್ತು 0306 ಎಂದು ಎರಡಾಗಿಯೂ ಬರಬಹುದು. ಹಳೆಯ ಮ್ಯಾಕ್ ಯಂತ್ರಗಳ ಕಡತದ ಹೆಸರುಗಳಿಂದ ತೆಗೆದ ಪಟ್ಟಿಯಲ್ಲಿ ಎರಡನೆಯದೇ. ಒಳಗೆ ಬರುವ ಎಲ್ಲವನ್ನೂ, ಬಿಡಿ ಗುರುತನ್ನು ಅಕ್ಷರದೊಂದಿಗೆ ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

ಇಲ್ಲೊಂದು ಹೊಂಡ ಇದೆ, ಬಲ್ಲವರೂ ಬೀಳುತ್ತಾರೆ. ವಿಶ್ವಕೋಶಗಳಿಂದ ತೆಗೆದ ಹೆಸರಿನಲ್ಲಿ ಒತ್ತಿನ ಗುರುತು, ಅಂದರೆ ಉಚ್ಚಾರದಲ್ಲಿ ಬಿಗಿಯಾಗಿ ನುಡಿಯುವ ಸ್ವರವನ್ನು ತೋರಿಸುವ ಗೆರೆ (0301), ಅಂಟಿಕೊಂಡಿರುತ್ತದೆ. ಅದನ್ನು ಕಿತ್ತುಹಾಕಲು ಪದವನ್ನು ಬಿಡಿಸಿ ಎಲ್ಲ ಮೇಲ್ಗುರುತುಗಳನ್ನೂ ಅಳಿಸುವ ರೆಡಿಮೇಡ್ ಫಂಕ್ಷನ್ ಬಳಸುತ್ತಾರೆ. ಆಗ ಒತ್ತಿನ ಜೊತೆ ಬಟ್ಟಲೂ ಹೋಗುತ್ತದೆ, ಚುಕ್ಕಿಯೂ ಹೋಗುತ್ತದೆ: ಯ್ ಎಲ್ಲ ಇ ಆಗುತ್ತದೆ. 0301 ಒಂದನ್ನೇ ಅಳಿಸಿ, ಬೇರೆಯದನ್ನು ಮುಟ್ಟಬೇಡಿ.

ಉತ್ತರ ಕಾಕಸಸ್ ಸೇರಿಸಿದ್ದೀರಿ, ಹಾಗಾಗಿ ಇನ್ನೂ ಮೂರು ಮಾತು. ಚೆಚೆನ್ ಮೊದಲಾದ ಭಾಷೆಗಳಲ್ಲಿ "ಪಾಲೊಚ್ಕ", ಅಂದರೆ ಕಡ್ಡಿ, ಎಂಬ ಅಕ್ಷರವಿದೆ. ಗ್ರೋಜ್ನಿಯ ಚೆಚೆನ್ ಹೆಸರಿನ ಎರಡನೇ ಭಾಗದಲ್ಲಿ ಮೊದಲ ಅಕ್ಷರದ ಬೆನ್ನಿಗೇ ಅದು ನಿಂತಿರುತ್ತದೆ. ಕೀಲಿಮಣೆಯಲ್ಲಿ ಸಿಗದ್ದರಿಂದ ಜನ ಅಂಕೆ 1, ರೋಮನ್ ದೊಡ್ಡ ಐ, ಚಿಕ್ಕ ಎಲ್, ಏನು ಸಿಕ್ಕರೆ ಅದನ್ನು ಒತ್ತುತ್ತಾರೆ. ಒಸ್ಸೆಟಿಯನ್‌ನ ಎ-ಇ ಜೋಡಿಯಕ್ಷರಕ್ಕೆ ಸಿರಿಲಿಕ್ ಸಂಕೇತ ಬೇರೆ (04ಡಿ5), ರೋಮನ್ ಸಂಕೇತ ಬೇರೆ (00ಇ6), ಬಳಕೆಯಲ್ಲಿ ಎರಡೂ ಇವೆ. ವೋಲ್ಗಾ ಕಡೆ ಚುವಾಶ್‌ನಲ್ಲೂ ಅದೇ ಕಥೆ: ಅಲಾತಿರ್ ಪಟ್ಟಣದ ಚುವಾಶ್ ಹೆಸರಿನಲ್ಲಿ ಬಟ್ಟಲು ಹೊತ್ತ "ಅ" ಇದೆ, ಸಿರಿಲಿಕ್ 04ಡಿ1 ಇರಬೇಕಾದ ಕಡೆ ರೋಮನ್ 0103 ಕೂತಿರುತ್ತದೆ. ಮೂಲ ರೂಪ ಹಾಗೇ ಇಡಿ, ಪಕ್ಕದಲ್ಲಿ ಸರಿಪಡಿಸಿದ ರೂಪ, ಅದರಿಂದ ಕೀಲಿ.

ಕಪಾಟು

ರೋಮನ್ ಬಗ್ಗೆ. "ಯಾವ ಪದ್ಧತಿ ಸರಿ" ಎಂಬ ಪ್ರಶ್ನೆಗೆ ಉತ್ತರವಿಲ್ಲ, "ಯಾವುದಕ್ಕೆ ಯಾವುದು" ಎಂಬುದಕ್ಕೆ ಇದೆ.

ಸಿರಿಲಿಕ್ ಲಿಪ್ಯಂತರದ ಅಂತರರಾಷ್ಟ್ರೀಯ ಮಾನಕ ಐಎಸ್‌ಓ 9ರ 1995ರ ಆವೃತ್ತಿಯಲ್ಲಿ ಒಂದು ಸಿರಿಲಿಕ್ ಅಕ್ಷರಕ್ಕೆ ಒಂದೇ ರೋಮನ್ ಅಕ್ಷರ, ಮೇಲೆ ಟೋಪಿಯೋ ಚುಕ್ಕಿಯೋ ಇರಬಹುದು. ಕಣ್ಣಿಗೆ ಒರಟು. ಆದರೆ ಹಿಂದಕ್ಕೆ ತಿರುಗಿಸಿದರೆ ಮೂಲ ಸಿರಿಲಿಕ್ ಚಾಚೂ ತಪ್ಪದೆ ಬರುತ್ತದೆ. ರಷ್ಯದ ಮಾನಕ ಗೋಸ್ತ್ 7.79-2000ರ "ಎ" ಪದ್ಧತಿ ಇದೇ. ಅಮೆರಿಕ ಮತ್ತು ಬ್ರಿಟನ್‌ನ ಸ್ಥಳನಾಮ ಸಮಿತಿಗಳ (ಬಿಜಿಎನ್/ಪಿಸಿಜಿಎನ್) 1947ರ ಪದ್ಧತಿ ಇಂಗ್ಲಿಷ್ ನಕ್ಷೆಗಳದ್ದು, ಓದಲು ಹಗುರ, ಹಿಂದಕ್ಕೆ ತಿರುಗದು.

ಯಾಕೆ ತಿರುಗದು ಎಂದು ನೋಡಲು ಬ್ರಾತ್ಸ್ಕ್ ಮತ್ತು ತ್ರೋಯಿತ್ಸ್ಕ್ ಸಾಕು. ರೋಮನ್‌ನಲ್ಲಿ ಎರಡರ ಕೊನೆಗೂ ಟಿ-ಎಸ್-ಕೆ. ಸಿರಿಲಿಕ್‌ನಲ್ಲಿ ಬ್ರಾತ್ಸ್ಕ್‌ಗೆ "ತ" ಮತ್ತು "ಸ" ಎರಡಕ್ಷರ, ತ್ರೋಯಿತ್ಸ್ಕ್‌ಗೆ "ತ್ಸೆ" ಎಂಬ ಒಂದೇ ಅಕ್ಷರ. ಇರ್ಕೂತ್ಸ್ಕ್, ಯಾಕೂತ್ಸ್ಕ್ ಮೊದಲ ಗುಂಪು, ಲೀಪೆತ್ಸ್ಕ್ ಎರಡನೆಯದು. ರೋಮನ್ ಮಾತ್ರ ನೋಡಿ ಸಿರಿಲಿಕ್ ಕಟ್ಟಿದವರು ಇಲ್ಲೇ ಮುಗ್ಗರಿಸುವುದು. ಕನ್ನಡದಲ್ಲೂ ಎರಡೂ ತ್ಸ್ಕ್ ಆಗುವುದರಿಂದ ಕನ್ನಡ ರೂಪದಿಂದಲೂ ಹಿಂದಕ್ಕೆ ಹೋಗಲಾಗದು.

ಪದದ ಮೊದಲ "ಯೆ" ಇನ್ನೊಂದು ಕಗ್ಗಂಟು. ಬಿಜಿಎನ್‌ನಲ್ಲಿ ಪದದ ಆದಿಯಲ್ಲಿ ಅದು ವೈ-ಇ, ವ್ಯಂಜನದ ನಂತರ ಬರೀ ಇ. ಐಎಸ್‌ಓದಲ್ಲಿ ಎಲ್ಲೆಡೆ ಇ. ಯೆಕತೆರಿನ್‌ಬೂರ್ಗ್ ಒಂದು ಸೂಚಿಯಲ್ಲಿ ವೈ ಅಡಿಯಲ್ಲಿ, ಇನ್ನೊಂದರಲ್ಲಿ ಇ ಅಡಿಯಲ್ಲಿ. ಎರಡರಲ್ಲೂ ನೋಡದೆ "ಇಲ್ಲ" ಎಂದು ಬರೆಯಬೇಡಿ. ಜರ್ಮನ್ ಪುಸ್ತಕಗಳಲ್ಲಿ "ಷ್ಚ" ಎಂಬ ಒಂದಕ್ಷರ ಏಳು ರೋಮನ್ ಅಕ್ಷರವಾಗುತ್ತದೆ. ಸೂಚಿಯ ಕಾಲಮ್ ಅಗಲ ನಿರ್ಧರಿಸುವವರು ನೆನಪಿಡಿ!

ನನ್ನ ಸಲಹೆ: ಐಎಸ್‌ಓ ರೂಪ, ಬಿಜಿಎನ್ ರೂಪ ಎರಡನ್ನೂ ಸಿರಿಲಿಕ್‌ನಿಂದ ಯಂತ್ರವೇ ಹುಟ್ಟಿಸಲಿ, ಕೈಯಲ್ಲಿ ತುಂಬಬೇಡಿ. ಪುಸ್ತಕದಲ್ಲೋ ನಕ್ಷೆಯಲ್ಲೋ ನಿಜವಾಗಿ ಕಂಡ ರೋಮನ್ ರೂಪಗಳನ್ನು ಮಾತ್ರ ಮೂಲದ ಸಮೇತ ಕೈಯಿಂದ ಸೇರಿಸಿ. ಹುಟ್ಟಿಸಿದ್ದು, ಕಂಡದ್ದು ಎರಡೂ ಬೆರೆತರೆ ಸೂಚಿಯ ಸಾಕ್ಷ್ಯಬಲ ಹೋಯಿತು.

ತೆಂಕಣಗಾಳಿ

ಕನ್ನಡ ಕಾಲಮ್ಮಿಗೆ ಬರೋಣ. ನಮ್ಮ ಪತ್ರಿಕೆಗಳ ರಷ್ಯನ್ ಹೆಸರುಗಳು ಇಂಗ್ಲಿಷ್ ಹಾದಿಯಲ್ಲಿ ಬಂದವು, ಅದಕ್ಕೇ ಟಕಾರ ಡಕಾರಗಳ ಕಾಟ. ರಷ್ಯನ್ನರ ತ, ದ ಹಲ್ಲಿಗೆ ತಾಗುವ ಅಕ್ಷರಗಳು, ನಮ್ಮ ತ, ದಗಳ ಹಾಗೇ. ಟಾಮ್ಸ್ಕ್ ಅಲ್ಲ ತೋಮ್ಸ್ಕ್, ಟ್ವೆರ್ ಅಲ್ಲ ತ್ವೇರ್, ವೋಲ್ಗೋಗ್ರಾಡ್ ಅಲ್ಲ ವೊಲ್ಗೊಗ್ರಾದ್. ರಷ್ಯನ್ ಹೆಸರಿನಲ್ಲಿ ಟ, ಡ ಬರೆಯುವ ಪ್ರಸಂಗವೇ ಇಲ್ಲ.

ಕನ್ನಡಕ್ಕೆ ಒಂದು ಅನುಕೂಲ ಇದೆ: ಎ-ಏ, ಒ-ಓ ಹ್ರಸ್ವ ದೀರ್ಘ ಎರಡೂ ನಮ್ಮಲ್ಲಿವೆ. ಹಿಂದಿ ಪಟ್ಟಿಯಿಂದ ನಕಲು ಮಾಡಿದರೆ ಈ ಭೇದ ದಾರಿಯಲ್ಲೇ ಕಳೆಯುತ್ತದೆ. ಆದ್ದರಿಂದ ನಿಯಮ ಹೀಗಿರಲಿ: ಅಕ್ಷರಗಳು ರಷ್ಯನ್ ಬರಹದಂತೆ, ಒತ್ತು ಬೀಳುವ ಸ್ವರ ಮಾತ್ರ ದೀರ್ಘ. ವೊರೋನೆಝ್, ವೋಲೊಗ್ದ, ರೊಸ್ತೋವ್, ಕೊಸ್ತ್ರೊಮಾ. ಒತ್ತಿಲ್ಲದ "ಒ" ಮಾತಿನಲ್ಲಿ "ಅ" ಆಗುವುದು ನಿಜ, ಕೊಸ್ತ್ರೊಮಾ ಕೇಳಲು ಕಸ್ತ್ರಮಾ. ಅದನ್ನೂ ಬರೆಯಹೊರಟರೆ ಓದುಗ ಸಿರಿಲಿಕ್ ರೂಪದ ಹತ್ತಿರವೂ ಸುಳಿಯಲಾರ.

ಮಾಸ್ಕೋ, ಸೈಬೀರಿಯಾ, ಸೇಂಟ್ ಪೀಟರ್ಸ್‌ಬರ್ಗ್ ಕನ್ನಡದಲ್ಲಿ ಬೇರೂರಿವೆ. ಅವನ್ನು "ರೂಢ" ಎಂದು ಗುರುತಿಸಿ ಇಟ್ಟುಕೊಳ್ಳಿ, ತಿದ್ದುವ ಉಮೇದು ಬೇಡ.

ಲಿಪಿಗಾರ

» ಅಕ್ಷರಗಳು ರಷ್ಯನ್ ಬರಹದಂತೆ

ಒಪ್ಪಿದೆ, ಒಂದು ತಕರಾರಿನೊಂದಿಗೆ. ಹಾಗಾದರೆ ಒರ್ಯೋಲ್ ಬರೆಯಬೇಕು, ಮೇಲೆ ನಾನೇ ಅರ್ಯೋಲ್ ಎಂದು ಕಿವಿಗೆ ಕೇಳಿದಂತೆ ಬರೆದಿದ್ದೇನೆ. ನಿಯಮ ಇಟ್ಟರೆ ಪೂರ್ತಿ ಇಡಿ. ಪದದ ಕೊನೆಯ ಒತ್ತಿಲ್ಲದ "ಅ" ಕೂಡ ಹಾಗೇ. ನಿಯಮದಂತೆ ವೋಲ್ಗ, ಆದರೆ ಎಲ್ಲರೂ ಬರೆಯುವುದು ವೋಲ್ಗಾ. ಇದನ್ನೂ ರೂಢದ ಖಾತೆಗೆ ಹಾಕಬೇಕಾಗುತ್ತದೆ.

ತಾಂತ್ರಿಕವಾಗಿ ಎರಡು ಎಚ್ಚರಿಕೆ. ಯೆಕತೆರಿನ್‌ಬೂರ್ಗ್ ಎಂಬಲ್ಲಿ ನ್ ಬಿಡಿಯಾಗಿ ನಿಲ್ಲಲು ನಡುವೆ ಕಾಣದ ಅಕ್ಷರವೊಂದನ್ನು (200ಸಿ) ಹಾಕುತ್ತೇವೆ. ಅದಿಲ್ಲದೆ ಬರೆದವರದ್ದು ಒತ್ತಕ್ಷರವಾಗುತ್ತದೆ, ಯಂತ್ರಕ್ಕೆ ಎರಡೂ ಬೇರೆ ಪದ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ, ಕೀಲಿ ಮಾಡುವಾಗ ನೀವೇ ತೆಗೆಯಬೇಕು. ಇನ್ನೊಂದು ಕಜ಼ಾನ್‌ನಲ್ಲಿ ಬರುವ ನುಕ್ತೆ, ಅಂದರೆ ಅಕ್ಷರದ ಕೆಳಗಿನ ಚುಕ್ಕಿ. ಅದು ಜ ಅಕ್ಷರದ ಬೆನ್ನಿಗೇ ಬರಬೇಕು, ಆಮೇಲೆ ದೀರ್ಘ. ದೀರ್ಘ ಒತ್ತಿ ನುಕ್ತೆ ಒತ್ತಿದರೆ ಯಾವ ನಾರ್ಮಲೈಸೇಷನ್ನೂ ಆ ಕ್ರಮವನ್ನು ಸರಿಮಾಡುವುದಿಲ್ಲ. ಕೀಲಿಯಲ್ಲಿ ನುಕ್ತೆಯೇ ಬೇಡ.

ಸೂಚಿಕಾರ

ಹಳೆಯ ಅಕ್ಷರಪದ್ಧತಿ ಬಗ್ಗೆ ಯಾರೂ ಹೇಳಲಿಲ್ಲ, 1850ರಿಂದ ಅಂದಿದ್ದಾರೆ. 1918ರ ಸುಧಾರಣೆಗೆ ಮುಂಚಿನ ಅಚ್ಚಿನಲ್ಲಿ "ಯಾತ್", ಚುಕ್ಕಿ ಇ, "ಫಿತಾ" ಎಂಬ, ಆಮೇಲೆ ಕೈಬಿಟ್ಟ ಅಕ್ಷರಗಳೂ ವ್ಯಂಜನಾಂತ್ಯ ಪದದ ಕೊನೆಗೆ ಉಚ್ಚಾರವಿಲ್ಲದ ಗಡಸು ಚಿಹ್ನೆಯೂ ಇರುತ್ತವೆ. ಕೀಲಿಗಾಗಿ ಯಾತ್ ಅನ್ನು ಯೆ, ಚುಕ್ಕಿ ಇ ಅನ್ನು ಸಾದಾ ಇ, ಫಿತಾವನ್ನು ಫ ಮಾಡಿ. ಗಡಸು ಚಿಹ್ನೆಯನ್ನು ಪದದ ಕೊನೆಯಲ್ಲಿ ಮಾತ್ರ ತೆಗೆಯಿರಿ, ಪದದ ನಡುವಿನದು ಇಂದಿಗೂ ಬಳಕೆಯಲ್ಲಿದೆ. ಇಷ್ಟಕ್ಕೇ ಮುಗಿಯದು, ಪ್ರತ್ಯಯಗಳೂ ಬದಲಾಗಿವೆ: ಇಂದಿನ ವೆಲೀಕಿಯೆ ಲೂಕಿ ಅಂದು ವೆಲೀಕಿಯ ಲೂಕಿ. ಅಕ್ಷರ ಬದಲಿಸುವ ನಿಯಮ ಇದನ್ನು ಹಿಡಿಯದು, ಇಂಥವನ್ನು ಬೇರೆ ಹೆಸರಿನ ಸಾಲಾಗಿಯೇ ಇಡಿ. ಭಾಷಾ ಸಂಕೇತಕ್ಕೆ ಅಂತರರಾಷ್ಟ್ರೀಯ ಪಟ್ಟಿಯಲ್ಲೇ ಉಪಸಂಕೇತ ಇವೆ: ಹಳೆಯದಕ್ಕೆ "ಪೆಟ್ರ್1708", ಹೊಸದಕ್ಕೆ "ಲೂನಾ1918". ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ.

ಹೊಸಬ_ನಕ್ಷೆ

ಲೇಖನದ ಪಠ್ಯದಿಂದ ಹೆಸರು ಹೆಕ್ಕುವಾಗ ವಿಭಕ್ತಿ ಪ್ರತ್ಯಯ ಹೇಗೆ ಬಿಡಿಸುವುದು? ಕನ್ನಡದಲ್ಲಿ "ಮೈಸೂರಿನಲ್ಲಿ" ಎಂಬುದರಿಂದ ಮೈಸೂರು ತೆಗೆದ ಹಾಗೆ ಆಗುತ್ತದೆಯೇ?

ಕಪಾಟು

ಬಹುಪಾಲು ಆಗುತ್ತದೆ. ಕೆಲವು ಕಡೆ ಆಗುವುದೇ ಇಲ್ಲ. "ವ್ ಪೂಷ್ಕಿನೆ" ಅಂದರೆ ಪೂಷ್ಕಿನ್‌ನಲ್ಲಿ ಎಂದೂ ಹೌದು, ಪೂಷ್ಕಿನೊದಲ್ಲಿ ಎಂದೂ ಹೌದು. ಮೊದಲನೆಯದು ಪೀಟರ್ಸ್‌ಬರ್ಗ್ ಪಕ್ಕದ ಊರು (1918ರವರೆಗೆ ತ್ಸಾರ್ಸ್ಕೊಯೆ ಸೆಲೋ, 1937ರವರೆಗೆ ದೇತ್ಸ್ಕೊಯೆ ಸೆಲೋ), ಎರಡನೆಯದು ಮಾಸ್ಕೋ ಪಕ್ಕದ್ದು. ನಕ್ಷೆಗಾರರೂ ಸೈನ್ಯದವರೂ ಒವೊ, ಇನೊ ಅಂತ್ಯದ ಹೆಸರುಗಳಿಗೆ ಪ್ರತ್ಯಯ ಹಚ್ಚದೆ ಬಿಡುವುದು ಇದೇ ಕಾರಣಕ್ಕೆ. ಪ್ರತ್ಯಯ ಬಿಡಿಸುವ ಸಾಫ್ಟ್‌ವೇರ್ ಎರಡು ಅಭ್ಯರ್ಥಿ ಕೊಟ್ಟರೆ ಎರಡನ್ನೂ ಇಟ್ಟುಕೊಂಡು ಅದೇ ಪುಟದ ಪ್ರಾಂತದ ಹೆಸರು ನೋಡಿ ತೀರ್ಮಾನಿಸಿ.

ಸಂಕ್ಷೇಪಗಳ ಮೇಲೂ ಕಣ್ಣಿರಲಿ. ರಷ್ಯನ್ ಅಚ್ಚಿನಲ್ಲಿ "ಗ." ಅಂದರೆ ನಗರ, ವರ್ಷ, ಬೆಟ್ಟ ಮೂರೂ ಆಗಬಹುದು. "ದ." ಅಂದರೆ ಹಳ್ಳಿ, ಇಲ್ಲವೇ ಮನೆ ಸಂಖ್ಯೆ. ಬಗೆಯನ್ನು ಹೆಸರಿನಿಂದ ಕತ್ತರಿಸಿ ಬೇರೆ ಕಾಲಮ್ಮಿಗೆ ಹಾಕುವಾಗ ಹೆಸರಿನ ಲಿಂಗ ಮುಟ್ಟಬೇಡಿ: ವಸಾಹತು ಆದರೆ ಸೊವೇತ್ಸ್ಕಿ, ಹಳ್ಳಿ ಆದರೆ ಸೊವೇತ್ಸ್ಕೊಯೆ, ಕೊಸಾಕ್ ಊರಾದರೆ ಸೊವೇತ್ಸ್ಕಯ. ಮೂರೂ ಬೇರೆ ಬೇರೆ ಹೆಸರು.

ಸರಿಸುಮಾರು ಒಂದೇ ಥರದ ಹೆಸರಿಗೆ ವರ್ಷವೇ ಕೀಲಿ. ಕಾಕಸಸ್‌ನ ಸ್ತಾವ್ರೊಪೊಲ್ 1935ರಿಂದ 1943ರವರೆಗೆ ವೊರೊಶೀಲೊವ್ಸ್ಕ್. ದೂರಪೂರ್ವದ ಉಸ್ಸೂರೀಸ್ಕ್ 1935ರಿಂದ 1957ರವರೆಗೆ ವೊರೊಶೀಲೊವ್. ಕೊನೆಯ "ಸ್ಕ್" ಮಸುಕಾದ ಸ್ಕ್ಯಾನ್‌ನಲ್ಲಿ ಕಾಣದೆ ಹೋದರೆ ಊರು ಸಾವಿರಾರು ಕಿಲೋಮೀಟರ್ ಹಾರುತ್ತದೆ.

ನಕ್ಷೆಮೇಜು

ಅಕ್ಷಾಂಶ ರೇಖಾಂಶದ ಪಾಲು ನನ್ನದು. ಹಳೆಯ ರಷ್ಯನ್ ನಕ್ಷೆಗಳ ಸೊನ್ನೆ ರೇಖೆ ಗ್ರೀನಿಚ್ ಅಲ್ಲ. ಕೆಲವಕ್ಕೆ ಪೀಟರ್ಸ್‌ಬರ್ಗ್ ಬಳಿಯ ಪುಲ್ಕೊವೊ ವೀಕ್ಷಣಾಲಯ, ಗ್ರೀನಿಚ್‌ನಿಂದ ಪೂರ್ವಕ್ಕೆ ಸುಮಾರು 30 ಡಿಗ್ರಿ 20 ನಿಮಿಷ. ಕೆಲವಕ್ಕೆ ಕೆನರಿ ದ್ವೀಪಗಳಲ್ಲಿನ ಫೆರೊ, ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಸುಮಾರು 17 ಡಿಗ್ರಿ 40 ನಿಮಿಷ. ಕಜಾನ್ ಇಂದು 49 ಡಿಗ್ರಿ 7 ನಿಮಿಷ ಪೂರ್ವ. ಅದೇ ಕಜಾನ್ ಫೆರೊ ನಕ್ಷೆಯಲ್ಲಿ 66 ಡಿಗ್ರಿ 47 ನಿಮಿಷ, ಪುಲ್ಕೊವೊ ನಕ್ಷೆಯಲ್ಲಿ 18 ಡಿಗ್ರಿ 47 ನಿಮಿಷ. ಹೊಸ ನಕ್ಷೆಹಾಳೆ ಕೈಗೆ ಬಂದಾಗ ಗೊತ್ತಿರುವ ಒಂದೂರನ್ನು ಹೀಗೆ ತಾಳೆ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಸೋವಿಯತ್ ಸೈನ್ಯದ ನಕ್ಷೆಗಳು 1942ರ ಪುಲ್ಕೊವೊ ಅಳತೆ ಆಧಾರದವು (ಜಿಪಿಎಸ್‌ನದು ಬೇರೆ ಆಧಾರ), ಪರಿವರ್ತಿಸದೆ ಇಂದಿನ ಜಿಪಿಎಸ್ ಬಿಂದುಗಳ ಮೇಲೆ ಹಾಕಿದರೆ ನೂರು ಮೀಟರಿಗೂ ಹೆಚ್ಚು ಸರಿದಿರುತ್ತವೆ. ನಗರಕ್ಕೆ ಪರವಾಗಿಲ್ಲ, ಹತ್ತು ಮನೆಯ ಹಳ್ಳಿಗೆ ನಡೆಯದು.

ಸಾಮ್ರಾಜ್ಯದ ಕೇಂದ್ರ ಅಂಕಿಅಂಶ ಸಮಿತಿ 1861ರಿಂದ 1885ರವರೆಗೆ ಪ್ರಾಂತವಾರು ಅಚ್ಚು ಹಾಕಿದ ಜನವಸತಿ ಪಟ್ಟಿಗಳಲ್ಲಿ ತಾಲ್ಲೂಕು ಪಟ್ಟಣದಿಂದ ಎಷ್ಟು ವೆರ್ಸ್ತ ದೂರ, ಯಾವ ನದಿಯ ಬಳಿ ಎಂದಿರುತ್ತದೆ. ಒಂದು ವೆರ್ಸ್ತ 1.0668 ಕಿ.ಮೀ. ಆ ಅಂತರದ ವೃತ್ತ ಎಳೆದು ನದಿಯನ್ನು ಎಲ್ಲಿ ಕತ್ತರಿಸುತ್ತದೆ ನೋಡಿ. ಅಲೆಕ್ಸಾಂದ್ರೊವ್ಕ, ಇವಾನೊವ್ಕದಂಥ ಹೆಸರುಗಳು ಜಿಲ್ಲೆಗೆ ನಾಲ್ಕಾರು ಸಿಗುತ್ತವೆ, ಇದಿಲ್ಲದೆ ಬೇರ್ಪಡಿಸಲು ದಾರಿಯೇ ಇಲ್ಲ.

ಊರೇ ಜಾಗ ಬಿಟ್ಟು ಎದ್ದುಹೋದದ್ದೂ ಉಂಟು. ವೋಲ್ಗಾ ದಂಡೆಯ ಸ್ತಾವ್ರೊಪೊಲ್ 1950ರ ದಶಕದಲ್ಲಿ ಜಲಾಶಯದ ಹಿನ್ನೀರಿನಿಂದಾಗಿ ಹೊಸ ನೆಲೆಗೆ ಸ್ಥಳಾಂತರವಾಯಿತು, 1964ರಲ್ಲಿ ತೊಲ್ಯಾತ್ತಿ ಎಂಬ ಹೆಸರು ಪಡೆಯಿತು. ಒಂದೇ ಜಾಗದ ಸಾಲು, ಎರಡು ಬಿಂದು, ಬಿಂದುಗಳಿಗೂ ವರ್ಷ. ಮೊಲೋಗ ಹಾಗಲ್ಲ, ರೀಬಿನ್ಸ್ಕ್ ಜಲಾಶಯದಲ್ಲಿ ಮುಳುಗಿಯೇ ಹೋಯಿತು. ಅದರ ಬಿಂದು ಇಂದಿನ ನಕ್ಷೆಯಲ್ಲಿ ನೀರಿನ ಮೇಲೆ ಬಿದ್ದರೆ ತಪ್ಪೆಂದು ಸರಿಸಬೇಡಿ.

ಕಡತದ ವಿಷಯ ಚುಟುಕಾಗಿ. ಶೇಪ್‌ಫೈಲ್ ಎಂಬ ಹಳೆಯ ನಕ್ಷೆ ಕಡತದ ಬಗೆ ಬೇಡ: ಪಠ್ಯದ ಮಿತಿ 254 ಬೈಟ್, ಯುಟಿಎಫ್-8ರಲ್ಲಿ ಸಿರಿಲಿಕ್ ಅಕ್ಷರಕ್ಕೆ 2 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ಕಾಲಮ್ ಹೆಸರು 10 ಬೈಟ್ ಮೀರುವಂತಿಲ್ಲ. ಅದರ ಬದಲು ಜಿಯೋಪ್ಯಾಕೇಜ್ ಬಗೆ ಬಳಸಿ. ರಷ್ಯದಿಂದ ಬಂದ ಸಿಎಸ್‌ವಿಯಲ್ಲಿ ಕಾಲಮ್ ಬೇರ್ಪಡಿಸುವುದು ಅರ್ಧವಿರಾಮ, ದಶಮಾಂಶಕ್ಕೆ ಅಲ್ಪವಿರಾಮ. ನಮ್ಮ ಸೆಟ್ಟಿಂಗ್ ಇರುವ ಯಂತ್ರದಲ್ಲಿ ನೇರ ತೆರೆದರೆ 53,2 ಎಂಬುದು ಒಡೆದು 53, 2 ಎಂದು ಎರಡು ಕಾಲಮ್ಮಿಗೆ ಹೋಗಬಹುದು. ಹಳೆಯ ಕಡತ ವಿಂಡೋಸ್-1251, ಕೆಓಐ8-ಆರ್, ಡಾಸ್ ಕಾಲದ 866 ಮೂರರಲ್ಲಿ ಯಾವುದೂ ಆಗಿರಬಹುದು. ತೆರೆಯುವಾಗ ಕಸ ಕಂಡರೆ ಉಳಿಸದೆ ಮುಚ್ಚಿ, ಎನ್‌ಕೋಡಿಂಗ್ ಬದಲಿಸಿ ಮತ್ತೆ ತೆರೆಯಿರಿ. ಒಮ್ಮೆ ಉಳಿಸಿದಿರೋ, ಕಸವೇ ಮೂಲವಾಗುತ್ತದೆ.

ವೋಲ್ಗಾದಂಡೆ

ಎಲ್ಲರಿಗೂ ಧನ್ಯವಾದ. ಎರಡು ಕೋಷ್ಟಕ ಮಾಡಿ ಮೊದಲ 200 ಜಾಗ ಹಾಕಿದ ಮೇಲೆ ಎರಡು ಅನುಮಾನ ಉಳಿದಿವೆ. ಯೆಕತೆರಿನ್‌ಬೂರ್ಗ್ 1924ರಿಂದ 1991ರವರೆಗೆ ಸ್ವೆರ್ದ್ಲೋವ್ಸ್ಕ್, ಸರಿ. ಆದರೆ ಅದರ ಪ್ರಾಂತಕ್ಕೆ ಇಂದಿಗೂ ಸ್ವೆರ್ದ್ಲೋವ್ಸ್ಕ್ ಹೆಸರೇ ಇದೆ. ಇದು ನಗರದ ಸಾಲಿಗೆ ಸೇರುತ್ತದೆಯೇ? ಎರಡನೆಯದು, ರಷ್ಯನ್ ಮೂಲಗಳಲ್ಲಿ ಬರುವ ನಮ್ಮ ಕಡೆಯ ಊರುಗಳನ್ನೂ ಸೇರಿಸಬಹುದೇ?

ಸೂಚಿಕಾರ

ಪ್ರಾಂತ ಬೇರೆ ಜಾಗ, ಬೇರೆ ಕ್ರಮಸಂಖ್ಯೆ. ಲೆನಿನ್‌ಗ್ರಾದ್ ಪ್ರಾಂತವೂ ಹಾಗೇ. ರೈಲು ನಿಲ್ದಾಣ ಮೂರನೆಯ ಜಾಗ: ನಗರದ ಹೆಸರು ಬದಲಾದ ಮೇಲೂ ಅಲ್ಲಿನ ಮುಖ್ಯ ನಿಲ್ದಾಣ 2010ರವರೆಗೆ ಸ್ವೆರ್ದ್ಲೋವ್ಸ್ಕ್ ಆಗಿಯೇ ಇತ್ತು. 1995ರ ವೇಳಾಪಟ್ಟಿಯನ್ನು ನಗರದ ಸಾಲಿಗೆ ಜೋಡಿಸಿದರೆ ವರ್ಷ ತಾಳೆಯಾಗದು.

ತೆಂಕಣಗಾಳಿ

ನಮ್ಮ ಊರುಗಳನ್ನು ಧಾರಾಳವಾಗಿ ಸೇರಿಸಿ. 15ನೇ ಶತಮಾನದಲ್ಲಿ ತ್ವೇರ್‌ನಿಂದ ಬಂದ ವ್ಯಾಪಾರಿ ಅಫನಾಸಿ ನಿಕೀತಿನ್ ಬೀದರನ್ನು "ಬೆದೆರ್" ಎಂದು ಕೊನೆಗೆ ಮೃದು ಚಿಹ್ನೆಯೊಂದಿಗೆ (ವ್ಯಂಜನವನ್ನು ಮೆದುವಾಗಿಸುವ ಅಕ್ಷರ) ಬರೆದಿದ್ದಾನೆ. ಇಂದಿನ ರಷ್ಯನ್ ನಕ್ಷೆಗಳಲ್ಲಿ ಅದು ಬಿದರ್. ಎರಡೂ ಒಂದೇ ಜಾಗದ ಎರಡು ಸಾಲು. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಇಲ್ಲಿ ಕನ್ನಡ ರೂಪವೇ ಮೂಲ, ಸಿರಿಲಿಕ್ ರೂಪ ಲಿಪ್ಯಂತರ. ಹಾಗಾಗಿ "ಸಿರಿಲಿಕ್‌ನಿಂದ ಕನ್ನಡ ಹುಟ್ಟಿಸು" ಎಂಬ ನಿಯಮ ಈ ಸಾಲುಗಳ ಮೇಲೆ ಓಡಬಾರದು, ಓಡಿದರೆ ರಷ್ಯನ್‌ನ ಬಂಗಲೋರ್ ತಿರುಗಿ ಬಂದು ನಮ್ಮ ಬೆಂಗಳೂರಿನ ಜಾಗದಲ್ಲಿ ಕೂರುತ್ತದೆ. ಮೂಲ ಲಿಪಿ ಯಾವುದು ಎಂಬ ಕಾಲಮ್ ಒಂದನ್ನು ಈಗಲೇ ಹಾಕಿಬಿಡಿ, 200 ಸಾಲಿಗೆ ಅರ್ಧ ಗಂಟೆಯ ಕೆಲಸ. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿ ಆದದ್ದಕ್ಕೂ ಅದೇ "ಇಂದ", "ವರೆಗೆ" ಕಾಲಮ್ ಸಾಕು.